ಹಾರದ ರಾಕೆಟ್ಟಿನ ಲೆಕ್ಕ

ಹೊರಗೆ ಆಷಾಢದ ಮಳೆ ಹಿಡಿದುಕೊಂಡಿತ್ತು. ಪಾಳ್ಯದ ಆಚೆಗಿನ ಒಂದು ತೋಟದ ಮನೆ. ಜಗಲಿಯ ಮೇಲೆ ಎಂಟನೇ ತರಗತಿಯ ಹುಡುಗನೊಬ್ಬ ರಟ್ಟಿನ ಪೆಟ್ಟಿಗೆ ಬಿಚ್ಚಿ ಕೂತಿದ್ದ. ಪೆಟ್ಟಿಗೆಯ ಮೇಲೆ ಬೆಂಕಿ ಉಗುಳುತ್ತ ಮೇಲೇರುವ ರಾಕೆಟ್ಟಿನ ಚಿತ್ರ. ಒಳಗೆ ನೋಡಿದರೆ ರಾಕೆಟ್ಟೂ ಇಲ್ಲ, ಬೆಂಕಿಯೂ ಇಲ್ಲ. ಬಿಳಿ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಕಾಯಿ ಕಚ್ಚಿದಂತೆ ಅಂಟಿಕೊಂಡಿದ್ದ ಚೂರುಗಳು, ಒಂದು ನಕ್ಷೆ, ಒಂದು ಅಂಕಿ ಹಾಕಿದ ಪಟ್ಟಿ.

ಕಂಬಳಿ ಕೊಡವಿಕೊಂಡು ಒಳಗೆ ಬಂದ ಅಪ್ಪ ಒಂದು ಗಳಿಗೆ ನಿಂತು ನೋಡಿದರು.

“ಇದು ಹಾರುತ್ತೇನೋ?”

“ಇಲ್ಲ ಅಪ್ಪ. ಜೋಡಿಸಿ ಇಡೋದು.”

“ಇಡೋಕೆ ಅಂತ ಎರಡು ವರ್ಷದ ಮೆಣಸಿನ ದುಡ್ಡಾ?”

ಹುಡುಗ ತಲೆ ತಗ್ಗಿಸಿದ. ಕೊಯ್ಲಾದ ಮೇಲೆ ಬಳ್ಳಿಯ ಬುಡದಲ್ಲಿ ಉದುರಿದ ಕಾಳುಮೆಣಸನ್ನು ಯಾರು ಆರಿಸಿದರೋ ಅದು ಅವರದ್ದು ಎಂಬುದು ಆ ಮನೆಯಲ್ಲಿ ಮಕ್ಕಳ ಹಕ್ಕು. ಎರಡು ಬೇಸಿಗೆ ಹಾಗೆ ಆರಿಸಿ, ಒಣಗಿಸಿ, ಬಾಳ್ಳುಪೇಟೆಯಲ್ಲಿ ಮಾರಿ ಕೂಡಿಸಿದ ದುಡ್ಡನ್ನು ಬೆಂಗಳೂರಿನ ಸೋದರಮಾವನ ಕೈಗೆ ಕೊಟ್ಟು ತರಿಸಿದ ಪೆಟ್ಟಿಗೆ ಅದು. ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಹಾರದ ರಾಕೆಟ್ಟಿನಿಂದ ಏನು ಉಪಯೋಗ?

ಉತ್ತರ ಪೆಟ್ಟಿಗೆಯ ಮೂಲೆಯಲ್ಲೇ ಅಚ್ಚಾಗಿತ್ತು: 1:144.

ಆಟದ ಸಾಮಾನಿಗೂ ಮಾದರಿಗೂ ಇರುವ ವ್ಯತ್ಯಾಸ ಈ ಅಂಕಿಯೇ. ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಬಸ್ಸಿನ ಚಕ್ರ ದೊಡ್ಡದಿರಬಹುದು, ಕಿಟಕಿ ಸಣ್ಣದಿರಬಹುದು, ಯಾರೂ ಕೇಳುವುದಿಲ್ಲ. ಮಾದರಿಗೆ ಆ ಸ್ವಾತಂತ್ರ್ಯವಿಲ್ಲ. ನಿಜವಾದ ವಸ್ತುವಿನ 144 ಸೆಂಟಿಮೀಟರು ಇಲ್ಲಿ ಒಂದು ಸೆಂಟಿಮೀಟರು ಎಂದು ಒಮ್ಮೆ ಮಾತು ಕೊಟ್ಟ ಮೇಲೆ ತುದಿಯಿಂದ ಬುಡದವರೆಗೆ ಆ ಮಾತು ನಡೆಸಬೇಕು. 144 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಅಡಿ-ಅಂಗುಲದ ಲೆಕ್ಕದಿಂದ. ಹನ್ನೆರಡು ಅಡಿಗೆ ಒಂದು ಅಂಗುಲ ಎಂದರೆ 1:144; ಎಂಟು ಅಡಿಗೆ ಒಂದು ಅಂಗುಲ ಎಂದರೆ 1:96.

ಹುಡುಗನ ಪೆಟ್ಟಿಗೆಯಲ್ಲಿದ್ದದ್ದು ಸ್ಯಾಟರ್ನ್-5. 1969ರ ಜುಲೈಯಲ್ಲಿ ಮೊದಲ ಬಾರಿಗೆ ಚಂದ್ರನ ಮೇಲಿಳಿದವರನ್ನು ಹೊತ್ತು ಹೋದ ಅಮೆರಿಕದ ರಾಕೆಟ್ಟು; ಎತ್ತರ ಸುಮಾರು 110.6 ಮೀಟರು. ಬ್ರಿಟನ್ನಿನ ಏರ್‌ಫಿಕ್ಸ್ ಇದನ್ನು 1:144ರಲ್ಲಿ, ಅಮೆರಿಕದ ರೆವೆಲ್ 1:96ರಲ್ಲಿ ಪೆಟ್ಟಿಗೆಗೆ ಇಳಿಸಿದವು. ಮೊದಲನೆಯದು ಕಟ್ಟಿ ನಿಲ್ಲಿಸಿದರೆ 77 ಸೆಂ.ಮೀ., ಎರಡನೆಯದು 115 ಸೆಂ.ಮೀ. ಆದ್ದರಿಂದ ಇಂಥ ಪೆಟ್ಟಿಗೆ ಕೊಳ್ಳುವವರು ಬೆಲೆ ನೋಡುವ ಮೊದಲು ಅಳತೆ ನೋಡುವುದು ಮೇಲು. ಚಿತ್ರ ಎಷ್ಟೇ ಭರ್ಜರಿಯಾಗಿರಲಿ, ಮನೆಯ ಕಪಾಟಿನಲ್ಲಿ ಹಿಡಿಸುತ್ತದೆಯೋ ಇಲ್ಲವೋ ಎಂದು ಹೇಳುವುದು ಆ ಅನುಪಾತವೇ. ಅಂಟು ಮತ್ತು ಬಣ್ಣ ಪೆಟ್ಟಿಗೆಯೊಳಗಿವೆಯೇ ಎಂಬುದನ್ನೂ ಓದಿಕೊಳ್ಳಬೇಕು. ಬಹಳಷ್ಟು ಪೆಟ್ಟಿಗೆಗಳಲ್ಲಿ ಅವು ಇರುವುದಿಲ್ಲ.

ಕಟ್ಟುವ ಕೆಲಸ ಸೋಪಿನ ನೀರಿನಿಂದ ಶುರು. ಕರಗಿದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಈ ಚೂರುಗಳನ್ನು ಮಾಡುತ್ತಾರೆ. ಅಚ್ಚಿನಿಂದ ಬಿಡಿಸಿಕೊಳ್ಳಲು ಹಚ್ಚಿದ ಎಣ್ಣೆಯ ಪಸೆ ಉಳಿದಿದ್ದರೆ ಬಣ್ಣ ನಿಲ್ಲುವುದಿಲ್ಲ. ತೊಳೆದು ಒಣಗಿಸಿದ ಮೇಲೆ ಬೇಕಾದ ಚೂರನ್ನು ಮಾತ್ರ ಕತ್ತರಿಸಬೇಕು. ಕೈಯಲ್ಲಿ ತಿರುಚಿ ಕಿತ್ತರೆ ಅಂಚು ಹರಿಯುತ್ತದೆ. ಉಗುರು ಕತ್ತರಿಸುವ ಕಟರ್ ಸಾಕು. ಉಳಿದ ಗಂಟನ್ನು ನಯವಾದ ಉಪ್ಪು ಕಾಗದದಲ್ಲಿ ತಿಕ್ಕಿ, ಅಂಟಿಲ್ಲದೆ ಒಮ್ಮೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ನೋಡಿ, ಆಮೇಲೆ ಅಂಟು.

ಈ ಅಂಟಿನ ಸ್ವಭಾವವೂ ತಿಳಿದಿರಬೇಕು. ಮರಗೆಲಸದ ಬಿಳಿ ಅಂಟು ಮರದ ಎಳೆಗಳೊಳಗೆ ಇಳಿದು ಹಿಡಿಯುತ್ತದೆ; ಪ್ಲಾಸ್ಟಿಕ್ಕಿನಲ್ಲಿ ಇಳಿಯಲು ಎಳೆಯೇ ಇಲ್ಲ. ಮಾದರಿಯ ಅಂಟು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಒಂದರೊಳಗೊಂದು ಬೆರೆತು, ದ್ರಾವಕ ಆರಿದಾಗ ಒಂದೇ ತುಂಡಾಗುತ್ತವೆ. ಆದ್ದರಿಂದ ಹನಿ ಸಾಕು, ಹೆಚ್ಚಾದರೆ ಬೆರಳಚ್ಚು ಕೂಡ ಪ್ಲಾಸ್ಟಿಕ್ಕಿನ ಮೇಲೆ ಕೆತ್ತಿ ಕೂರುತ್ತದೆ. ಅದರ ಹೊಗೆ ಒಳ್ಳೆಯದಲ್ಲ. ಮಳೆ ಎಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂರದೆ ಜಗಲಿಯಲ್ಲೇ ಕೂರಬೇಕು. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ತೇವದ ಗಾಳಿಯಲ್ಲಿ ಸ್ಪ್ರೇ ಬಣ್ಣ ಹೊಡೆದರೆ ಅದರ ಮೇಲೆ ಮಂಜಿನಂಥ ಬಿಳಿ ಮುಸುಕು ಬೀಳುತ್ತದೆ. ಬಣ್ಣಕ್ಕೆ ಬಿಸಿಲು ಕಾಯುವುದೇ ಸರಿ.

ಸ್ಯಾಟರ್ನ್ ಮೈಮೇಲಿನ ಕಪ್ಪು-ಬಿಳಿ ಪಟ್ಟೆಗಳು ಅಲಂಕಾರಕ್ಕೆ ಬಂದವಲ್ಲ. ಮೇಲೇರುವಾಗ ರಾಕೆಟ್ಟು ತನ್ನ ಅಕ್ಷದ ಸುತ್ತ ಎಷ್ಟು ಹೊರಳುತ್ತಿದೆ ಎಂದು ಕ್ಯಾಮೆರಾದಲ್ಲಿ ಗುರುತಿಸಲು ಬಳಿದದ್ದು. ಕೈಯಲ್ಲಿ ಕುಂಚ ಹಿಡಿದವನಿಗೆ ಮಾತ್ರ ‘ಇಲ್ಲಿ ಯಾಕೆ ಕಪ್ಪು?’ ಎಂಬ ಪ್ರಶ್ನೆ ಏಳುತ್ತದೆ. ಕಟ್ಟಿ ಮುಗಿಸಿದ್ದನ್ನು ಕೊಂಡವನಿಗೆ ಅದು ಏಳುವುದೇ ಇಲ್ಲ.

ಏಳನೇ ದಿನ ಎಡವಟ್ಟಾಯಿತು. ಬುಡದ ನಾಲ್ಕು ರೆಕ್ಕೆಗಳಲ್ಲಿ ಒಂದು ವಾರೆಯಾಗಿ ಕೂತಿತು. ಹುಡುಗ ನೋಡುವ ಹೊತ್ತಿಗೆ ಅಂಟು ಬಿಗಿದಿತ್ತು. ಅವನು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಲು ಹೊರಟ. ಅಪ್ಪ ತಡೆದರು. “ಕೊಡು ಇಲ್ಲಿ. ಕಸಿ ಕಟ್ಟಿದ್ದು ವಾರೆಯಾದರೆ ಗಿಡ ಕೀಳ್ತೀವಾ?” ಬ್ಲೇಡಿನಿಂದ ರೆಕ್ಕೆಯ ಬುಡವನ್ನು ನಿಧಾನವಾಗಿ ಕೊಯ್ದು, ಉಪ್ಪು ಕಾಗದ ತಿಕ್ಕಿ, ಮತ್ತೆ ನೆಟ್ಟಗೆ ಕೂರಿಸಿ, ಬೆಂಕಿಕಡ್ಡಿಗಳ ಊರುಗೋಲು ಕೊಟ್ಟು ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ನೆಟ್ಟಗಿತ್ತು. ಹತ್ತಿರದಿಂದ ನೋಡಿದರೆ ಗಾಯ ಕಾಣುತ್ತದೆ, ಅಷ್ಟೆ.

ದೊಡ್ಡವರ ರಾಕೆಟ್ಟುಗಳ ಕತೆಯೂ ಇದೇ. 1993ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎದ್ದ ಮೊಟ್ಟಮೊದಲ ಪಿ.ಎಸ್.ಎಲ್.ವಿ., ಎರಡನೇ ಹಂತ ಕಳಚಿ ಮೂರನೆಯದು ಹೊತ್ತಿಕೊಳ್ಳುವ ವೇಳೆ ಹಾದಿ ತಪ್ಪಿ, ಉಪಗ್ರಹದ ಸಮೇತ ಬಂಗಾಳ ಕೊಲ್ಲಿಯ ಪಾಲಾಯಿತು. ತಪ್ಪು ಹುಡುಕಿದರು, ತಿದ್ದಿದರು. ಸುಮಾರು ಹದಿಮೂರು ತಿಂಗಳ ನಂತರ, 1994ರ ಅಕ್ಟೋಬರ್ 15ರಂದು ಎರಡನೆಯದು ಕಕ್ಷೆ ಮುಟ್ಟಿತು. ಮುಂದೆ ಇದೇ ರಾಕೆಟ್ಟು 2008ರಲ್ಲಿ ಚಂದ್ರಯಾನ-1ನ್ನೂ 2013ರಲ್ಲಿ ಮಂಗಳಯಾನವನ್ನೂ ಹೊತ್ತೊಯ್ದಿತು.

ರೆಕ್ಕೆ ಕೂರಿಸಿದ ಅಪ್ಪನಿಗೆ ಈಗ ಆಸೆ ಹತ್ತಿತ್ತು. “ನಮ್ಮದು ಯಾವುದೂ ಇಲ್ವೇನೋ?” ಎಂದರು.

ಇಸ್ರೋದಿಂದ ಅನುಮತಿ ಪಡೆದ ಕೆಲವು ಸಂಸ್ಥೆಗಳು ನಮ್ಮ ರಾಕೆಟ್ಟುಗಳ ಮಾದರಿಗಳನ್ನೂ ಮಾರುತ್ತಿವೆ. ಆದರೆ ಮೆಣಸಿನ ದುಡ್ಡು ಮುಗಿದಿತ್ತು. ಅಟ್ಟದಲ್ಲಿದ್ದದ್ದು ಮನೆಗೆ ವೈರಿಂಗ್ ಮಾಡಿಸಿದಾಗ ಉಳಿದ ಪಿ.ವಿ.ಸಿ. ಪೈಪಿನ ತುಂಡು, ದಪ್ಪ 25 ಮಿಲಿಮೀಟರು. ಇಲ್ಲಿ ಹುಡುಗ ಲೆಕ್ಕವನ್ನು ತಲೆಕೆಳಗು ಮಾಡಿದ. ಅಳತೆ ಮೊದಲು, ಚೂರು ಆಮೇಲೆ ಎಂಬುದು ಕಾರ್ಖಾನೆಯ ದಾರಿ. ಚೂರು ಸಿಕ್ಕಿದೆ, ಅಳತೆ ಹುಡುಕು ಎಂಬುದು ಅವನ ದಾರಿ. ಪಿ.ಎಸ್.ಎಲ್.ವಿ.ಯ ಮೈ 2.8 ಮೀಟರು ದಪ್ಪ, ಅಂದರೆ 2,800 ಮಿ.ಮೀ. ಅದನ್ನು 25ರಿಂದ ಭಾಗಿಸಿದರೆ 112. ಹಾಗಾದರೆ ಈ ರಾಕೆಟ್ಟು 1:112.

ಅಲ್ಲಿಂದ ಮುಂದೆ ಎಲ್ಲವೂ ತಾನಾಗಿ ಬಂತು. ಒಟ್ಟು ಎತ್ತರ 44.4 ಮೀಟರು, ಇಲ್ಲಿ 39.6 ಸೆಂ.ಮೀ. ಮೊದಲ ಹಂತ 20 ಮೀಟರು. ಇಲ್ಲಿ 18 ಸೆಂ.ಮೀ. ಉಪಗ್ರಹವನ್ನು ಕಾಪಾಡುವ ತಲೆಯ ಕವಚ ಮೈಗಿಂತ ದಪ್ಪ, 3.2 ಮೀಟರು; ಅದಕ್ಕಾಗಿ ಪೈಪಿನ ತುದಿಗೆ ಹಳೇ ಕ್ಯಾಲೆಂಡರ್ ಕಾಗದವನ್ನು ಸುತ್ತಿ ಸುತ್ತಿ 28.6 ಮಿ.ಮೀ. ಮಾಡಿದ್ದಾಯಿತು. ಬುಡದ ಸುತ್ತ ನಿಲ್ಲುವ ಆರು ಪುಟ್ಟ ರಾಕೆಟ್ಟುಗಳ ದಪ್ಪ ಒಂದು ಮೀಟರು, ಇಲ್ಲಿ 9 ಮಿ.ಮೀ.; ಮುಗಿದುಹೋದ ಬಾಲ್‌ಪೆನ್ನುಗಳ ಕೊಳವೆ ಸರಿಹೋಯಿತು. ಆರರಲ್ಲಿ ನಾಲ್ಕಕ್ಕೆ ಹುಡುಗ ಕೆಂಪು ದಾರ ಸುತ್ತಿದ. ಮಂಗಳಯಾನ ಹೊತ್ತ ಬಗೆಯ ಪಿ.ಎಸ್.ಎಲ್.ವಿ.ಯಲ್ಲಿ ನಾಲ್ಕು ನೆಲದ ಮೇಲೇ ಹೊತ್ತಿಕೊಳ್ಳುತ್ತವೆ. ಉಳಿದೆರಡು 25 ಸೆಕೆಂಡು ಕಳೆದು ಆಕಾಶದಲ್ಲಿ.

ತೂಕದ ಲೆಕ್ಕ ಮಾತ್ರ ಅಪ್ಪನನ್ನು ತಬ್ಬಿಬ್ಬು ಮಾಡಿತು. ಉದ್ದ 112 ಪಾಲು ಕುಗ್ಗಿದರೆ ತೂಕವೂ 112 ಪಾಲು ಕುಗ್ಗುವುದಲ್ಲವೇ? ಅಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವೆ. 112ನ್ನು ಮೂರು ಬಾರಿ ಗುಣಿಸಿದರೆ ಸುಮಾರು 14 ಲಕ್ಷ. ಹೊರಡುವಾಗ ನಿಜವಾದ ರಾಕೆಟ್ಟಿನ ತೂಕ ಸುಮಾರು 320 ಟನ್, ಅಂದರೆ 32 ಕೋಟಿ ಗ್ರಾಂ. 14 ಲಕ್ಷದಿಂದ ಭಾಗಿಸಿದರೆ ಉಳಿಯುವುದು 228 ಗ್ರಾಂ, ಕಾಲು ಕೆ.ಜಿ. ಕಾಫಿಪುಡಿಯ ಪೊಟ್ಟಣಕ್ಕಿಂತ ಸ್ವಲ್ಪ ಕಡಿಮೆ. ಇದರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಇಂಧನವೇ. ಮಂಗಳಯಾನದ ತೂಕ 1,337 ಕೆ.ಜಿ.; ಈ ಲೆಕ್ಕದಲ್ಲಿ ಒಂದು ಗ್ರಾಮಿಗೂ ತುಸು ಕಡಿಮೆ.

ಅಪ್ಪ ಕಣದಿಂದ ಐದು ಕಾಫಿ ಬೀಜ ತಂದು ಅಂಗೈಯಲ್ಲಿಟ್ಟುಕೊಂಡರು. “ಇಷ್ಟನ್ನ ಎತ್ತೋಕೆ ಅಷ್ಟೆಲ್ಲಾನಾ?” ಅಷ್ಟೆಲ್ಲಾ. ಅದಕ್ಕೇ ರಾಕೆಟ್ಟನ್ನು ನಾಲ್ಕು ಹಂತಗಳಾಗಿ ಕಟ್ಟುವುದು. ಖಾಲಿಯಾದ ಡಬ್ಬಿಯನ್ನು ಮುಂದಕ್ಕೂ ಹೊತ್ತರೆ ಈ ಐದು ಬೀಜವೂ ಮೇಲೆ ಹೋಗುವುದಿಲ್ಲ. ಖಾಲಿಯಾದದ್ದನ್ನು ಅಲ್ಲಲ್ಲೇ ಕಳಚಿ ಬಿಟ್ಟು ಹಗುರಾಗಬೇಕು.

ಮಾದರಿಗೆ ಹಿಡಿಸದ್ದೂ ಉಂಟು. ಹಾಸನದಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ; ಊರವರ ಬಾಯಲ್ಲಿ ಎಂ.ಸಿ.ಎಫ್. ಅಲ್ಲಿನ ದೊಡ್ಡ ತಟ್ಟೆಗಳು ಮಾತಾಡುವುದು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳ ಜೊತೆ. 1:112ಕ್ಕೆ ಇಳಿಸಿದರೂ ಆ ಎತ್ತರ 320 ಕಿ.ಮೀ. ಆಗುತ್ತದೆ, ಪಾಳ್ಯದಿಂದ ಬೆಂಗಳೂರಿಗಿಂತ ಎಷ್ಟೋ ದೂರ. ರಾಕೆಟ್ಟು ಕಪಾಟಿನಲ್ಲಿ ನಿಲ್ಲಬಹುದು, ಅದರ ದಾರಿ ಜಿಲ್ಲೆಯಲ್ಲೂ ಹಿಡಿಸುವುದಿಲ್ಲ.

ಎರಡನ್ನೂ ಕಪಾಟಿನಲ್ಲಿ ಪಕ್ಕಪಕ್ಕ ನಿಲ್ಲಿಸಿದ ದಿನ ತಂಗಿ ನೋಡಿ, “ಅಣ್ಣಾ, ನಮ್ಮದು ಅವರದ್ದರ ಅರ್ಧಕ್ಕಿಂತ ಒಂಚೂರು ಜಾಸ್ತಿನೇ ಇದೆ” ಎಂದಳು. ಕೇಳಲು ಚೆನ್ನಾಗಿತ್ತು, ಆದರೆ ಸುಳ್ಳು. ಒಂದರ ಅಳತೆ 144, ಇನ್ನೊಂದರದು 112. ಹುಡುಗ ತನ್ನ ಶಾಲೆಯ 30 ಸೆಂ.ಮೀ. ಸ್ಕೇಲನ್ನು ತಂದು ಸ್ಯಾಟರ್ನ್ ಪಕ್ಕ ನಿಲ್ಲಿಸಿದ. “ಒಂದೇ ಅಳತೆಗೆ ತಂದರೆ ನಮ್ಮದು ಇಷ್ಟು ಕಣೆ.” ಐದರಲ್ಲಿ ಎರಡು ಪಾಲು. ಅದೇ ಅಳತೆಯಲ್ಲಿ, ಸಕಲೇಶಪುರದ ಮಂಜರಾಬಾದ್ ಕೋಟೆ ಕಟ್ಟಿಸಿದ ಟಿಪ್ಪುವಿನ ಸೈನ್ಯದ ರಾಕೆಟ್ಟನ್ನೂ ನಿಲ್ಲಿಸಬಹುದು. ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೇ ಬಾವಿಯಿಂದ ಹೊರಬಂದವು. ಗೇಣುದ್ದದ ಆ ಕಬ್ಬಿಣದ ಕೊಳವೆ 1:144ರಲ್ಲಿ ಒಂದು ರಾಗಿ ಕಾಳು. ಚಿಕ್ಕದೆಂದು ನಾಚಬೇಕಾಗಿಲ್ಲ, ದೊಡ್ಡದೆಂದು ಬೀಗಬೇಕಾಗಿಯೂ ಇಲ್ಲ. ಹೋಲಿಸುವ ಮೊದಲು ಅಳತೆ ಒಂದೇ ಇರಬೇಕು.

ಮಳೆ ಬಿಟ್ಟ ಮೇಲೆ ಚಿಗುರು ತೆಗೆಸುವ ಆಳಿನ ಲೆಕ್ಕಕ್ಕೆ ಬಂದ ನೆರೆಮನೆಯವರು ಕಪಾಟಿನತ್ತ ಕಣ್ಣು ಹಾಯಿಸಿ, “ಇದೇನು, ಹಾರ್ತದಾ?” ಎಂದು ಕೇಳಿದರು.

“ಹಾರೋದು ಶ್ರೀಹರಿಕೋಟಾದಲ್ಲಿ. ಇಲ್ಲಿ ಬರೀ ಲೆಕ್ಕ” ಎಂದರು ಅಪ್ಪ. ಆಮೇಲೆ, ಕೇಳದಿದ್ದರೂ, ಐದು ಕಾಫಿ ಬೀಜ ತೆಗೆದು ಅವರ ಅಂಗೈಗೆ ಹಾಕಿದರು.