ಕೀ ಕೊಡುವ ವಾಚು, ಅದನ್ನು ಬಿಚ್ಚಬಲ್ಲ ಕೈ

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಕನ್ನಡಿಗರ ಮನೆಗಳಲ್ಲಿ ಗೋದ್ರೇಜ್ ಕಪಾಟಿನ ಒಳಖಾನೆ ತಡಕಿದರೆ ನಿಂತುಹೋದ ಒಂದು ಎಚ್‌ಎಂಟಿ ವಾಚು ಸಿಗುವುದು ಅಪರೂಪವೇನಲ್ಲ. 1964ರಲ್ಲಿ ಓಝರಿನಲ್ಲಿ ಎಚ್‌ಎಎಲ್ ಕಾರ್ಖಾನೆ ಶುರುವಾದ ಮೇಲೆ ಬೆಂಗಳೂರಿನಿಂದ ಬಂದವರಿರಲಿ, ಹೊಟೇಲು ಇಟ್ಟ ಕರಾವಳಿಯವರಿರಲಿ, ನಿಜಾಮನ ಕಾಲದ ನಂಟು ಹಿಡಿದು ಬೀದರ್, ಕಲಬುರಗಿ ಕಡೆಯಿಂದ ಔರಂಗಾಬಾದಿನಲ್ಲಿ ನೆಲೆಸಿದವರಿರಲಿ, ಮದುವೆಯಲ್ಲಿ ಅಳಿಯನ ಕೈಗೆ ಕಟ್ಟುತ್ತಿದ್ದುದು ಅದನ್ನೇ. ಈಗಿನ ಮಕ್ಕಳು ಅದನ್ನು ತಿರುಗಿಸಿ ನೋಡಿ, "ಇದಕ್ಕೆ ಸೆಲ್ ಎಲ್ಲಿ ಹಾಕುವುದು?" ಎಂದು ಕೇಳುತ್ತಾರೆ.

ತಮಾಷೆಯೆಂದರೆ, ಅದೇ ಮಕ್ಕಳಲ್ಲಿ ಕೆಲವರು ಸೆಲ್ ಇಲ್ಲದ ಹೊಸ ವಾಚುಗಳಿಗೆ ಮನಸೋತಿದ್ದಾರೆ. 2013ರಲ್ಲಿ ಜೈಪುರ ವಾಚ್ ಕಂಪನಿ, 2018ರಲ್ಲಿ ದಂಪತಿಯೊಬ್ಬರ ಬೆಂಗಳೂರು ವಾಚ್ ಕಂಪನಿ ಆರಂಭವಾದವು. ಇವುಗಳ ಬೆಲೆ ಎಲ್ಲರಿಗೂ ಎಟುಕುವಂಥದ್ದಲ್ಲ. ಆದರೆ ಇವುಗಳ ಬೆನ್ನಿಗೆ ಇಬ್ಬರು ಮೂವರು ಸೇರಿ ನಡೆಸುವ, ಕಡಿಮೆ ಬೆಲೆಯ ಪುಟ್ಟ ಕಂಪನಿಗಳೂ ಹುಟ್ಟಿಕೊಂಡಿವೆ. ಡಯಲು, ಕೇಸು ಅವರ ಕಲ್ಪನೆ. ಒಳಗಿನ ಯಂತ್ರ ಸಾಮಾನ್ಯವಾಗಿ ಜಪಾನಿನ ಮಿಯೋಟಾದ್ದೋ ಸೀಕೋದ್ದೋ ಆಗಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಯಂತ್ರವನ್ನೇ ಮೊದಲಿನಿಂದ ತಯಾರಿಸುವುದು ಸಣ್ಣ ಕಾರ್ಖಾನೆಯ ಬಂಡವಾಳಕ್ಕೆ ಆಗುವ ಮಾತಲ್ಲ. ಮಿಯೋಟಾ ಎಂಬುದು ಸಿಟಿಜನ್ ಬಳಗದ್ದೇ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಗೆ ವಾಚು ಮಾಡುವ ವಿದ್ಯೆ ಕೊಟ್ಟದ್ದೂ ಅದೇ ಸಿಟಿಜನ್. ಅಪ್ಪನ ಕಪಾಟಿನ ಜನತಾ ವಾಚಿಗೂ ಮಗ ತರಿಸಿಕೊಂಡ ಹೊಸ ವಾಚಿಗೂ ಹೀಗೆ ದಾಯಾದಿ ಸಂಬಂಧ ಇರಬಹುದು!

ಜನತಾ ವಾಚಿನಲ್ಲಿ 17 ಹರಳು, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಬೆಳಿಗ್ಗೆ ಕೀ ಕೊಟ್ಟರೆ ಮೇನ್‌ಸ್ಪ್ರಿಂಗ್ ಸುತ್ತಿಕೊಂಡು ಒಂದೂವರೆ ದಿನ ಓಡುತ್ತದೆ. 1987ರಲ್ಲಿ ಟೈಟಾನ್ ಸೆಲ್ ವಾಚುಗಳೊಂದಿಗೆ ಮಾರುಕಟ್ಟೆಗೆ ಬಂದ ಮೇಲೆ ಎಚ್‌ಎಂಟಿ ಕುಗ್ಗುತ್ತ ಹೋಯಿತು. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು, ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು.

ಕಾರ್ಖಾನೆ ಹೋದರೂ ವಾಚು ಹೋಗಿಲ್ಲ. ಹಳೆಯದಾಗಲಿ ಹೊಸದಾಗಲಿ, ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟರೆ ದಶಕಗಟ್ಟಲೆ ನಡೆಯುತ್ತದೆ. ಬಿಚ್ಚುವವರು ಯಾರು ಎಂಬುದೇ ಪ್ರಶ್ನೆ. ಇಬ್ಬರೇ ಇರುವ ಕಂಪನಿ ನಾಳೆ ಬಾಗಿಲು ಹಾಕಿದರೆ ವಾರಂಟಿ ಕಾಗದ ರದ್ದಿಗೆ ಹೋಗುತ್ತದೆ. ಆಗ ಆಸರೆ ಎಂದರೆ ನಾಸಿಕದ ಮೇನ್ ರೋಡ್, ಸಂಭಾಜಿನಗರದ ಗುಲ್ಮಂಡಿಯಂಥ ಹಳೇ ಪೇಟೆಗಳಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂರುವ ರಿಪೇರಿಯವರೇ. ಇಂಥ ಕಸುಬುದಾರರಿಗೆ ಈಗ ಸೆಲ್ ಬದಲಿಸುವುದು, ಬೆಲ್ಟ್ ಹಾಕುವುದೇ ಹೆಚ್ಚಿನ ಕೆಲಸ. ಅದರಲ್ಲಿ ಮಗನಿಗೆ ಕಲಿಸುವಂಥದ್ದೇನಿದೆ?

ಇದಕ್ಕೆ ಗಿರಾಕಿಗಳೂ ಕಾರಣ. ಸರ್ವಿಸಿಗೆ ಕೆಲವು ನೂರು ರೂಪಾಯಿ ಹೇಳಿದರೆ "ಇಷ್ಟಕ್ಕೆ ಹೊಸ ವಾಚೇ ಬರುತ್ತದಲ್ಲ ಭಾವೂ" ಎಂದು ಚೌಕಾಸಿಗೆ ಇಳಿಯುವವರು ಮೊಬೈಲಿನ ಗಾಜು ಒಡೆದಾಗ ಸಾವಿರಗಟ್ಟಲೆ ಎಣಿಸಿ ಬರುತ್ತಾರೆ. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಬಿಚ್ಚಿ ಮತ್ತೆ ಕೂರಿಸುವ ಕೈಗೆ ಆ ಮರ್ಯಾದೆ ಇಲ್ಲ.

ನಮ್ಮ ಸಂಘಗಳು ಇಲ್ಲಿ ಒಂದು ಕೆಲಸ ಮಾಡಬಹುದು. ರಾಜ್ಯೋತ್ಸವದಲ್ಲಿ ಕೊಡುವ ಫೈಬರ್ ಸ್ಮರಣಿಕೆಗಳಿಗೆ ಈಗಾಗಲೇ ಯಾರ ಮನೆಯಲ್ಲೂ ಜಾಗ ಉಳಿದಿಲ್ಲ. ಆ ಹಣದಲ್ಲಿ ಒಂದು ಭಾನುವಾರ ಊರಿನ ನುರಿತ ರಿಪೇರಿಯವರನ್ನು ಸಂಘಕ್ಕೆ ಕರೆಸಿ, ಸದಸ್ಯರ ಹಳೆಯ ವಾಚುಗಳನ್ನು ತೋರಿಸಿ, ಸರ್ವಿಸಿನ ಖರ್ಚಿನಲ್ಲಿ ಅರ್ಧವನ್ನು ಸಂಘವೇ ಭರಿಸಿದರೆ ಹೇಗೆ? ಹಿರಿಯ ಸದಸ್ಯರಿಗೆ ಸನ್ಮಾನದಲ್ಲಿ ಶಾಲಿನ ಜೊತೆ ಅವರದೇ ವಾಚು ನಡೆಯುವ ಸ್ಥಿತಿಯಲ್ಲಿ ಕೈಗೆ ಬಂದರೆ ಬೇಡ ಎನ್ನುವವರು ಇರಲಾರರು. ರಿಪೇರಿಯವರು ಮರಾಠಿಗರೋ ಮುಸ್ಲಿಮರೋ ಎಂಬುದು ಇಲ್ಲಿ ಮುಖ್ಯವಲ್ಲ, ಕೈ ಮುಖ್ಯ.

ಹೊಸದು ಕೊಳ್ಳುವ ತರುಣರು ಡಯಲಿನ ಅಂದಕ್ಕಿಂತ ಮೊದಲು ಒಳಗಿನ ಯಂತ್ರ ಯಾವುದು, ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸಲಿ. "ಹಳೇ ಎಚ್‌ಎಂಟಿ" ಎಂದು ಆನ್‌ಲೈನಿನಲ್ಲಿ ಮಾರುವ, ನವಿಲಿನಂತೆ ಹೊಳೆಯುವ ವಾಚುಗಳ ಬಗ್ಗೆಯೂ ಎಚ್ಚರ ಬೇಕು. ಐವತ್ತು ವರ್ಷದ ಡಯಲು ನಿನ್ನೆ ಬಣ್ಣ ಬಳಿದಂತಿದ್ದರೆ ನಿನ್ನೆಯೇ ಬಳಿದಿರುವ ಸಂಭವ ಹೆಚ್ಚು. ಒಳಗೆ ನಾಲ್ಕು ವಾಚುಗಳ ಬಿಡಿಭಾಗ ಕೂಡಿಸಿರುವುದೂ ಉಂಟು. ಅಂಥದ್ದಕ್ಕೆ ಹಣ ಸುರಿಯುವ ಮೊದಲು ಮನೆಯ ಕಪಾಟು ನೋಡುವುದು ಲೇಸು. ಸಿಕ್ಕಿದರೆ ತಕ್ಷಣ ಕೀ ತಿರುಗಿಸಬಾರದು. ಒಳಗಿನ ಎಣ್ಣೆ ಒಣಗಿರುತ್ತದೆ, ಮೊದಲು ರಿಪೇರಿಯವರು ನೋಡಲಿ. ಸರ್ವಿಸ್ ಆದ ಮೇಲೂ ರಾಮಕುಂಡಕ್ಕೆ ಇಳಿಯುವಾಗ ಬಿಚ್ಚಿಟ್ಟೇ ಇಳಿಯಬೇಕು.