ಮೈಲಿನ್ ದುರಸ್ತಿಯೂ ‘ರೋಗನಿರೋಧಕ ಶಕ್ತಿ’ ಎಂಬ ಮಾತೂ

‘ರೋಗನಿರೋಧಕ ಶಕ್ತಿ ಹೆಚ್ಚಲು ಏನಾದರೂ ಕೊಡಿ’ ಎಂದು ಕೇಳುವವರು ನಮ್ಮ ಚಿಕಿತ್ಸಾಲಯಕ್ಕೆ ದಿನವೂ ಬರುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯುಳ್ಳವರು ಇದನ್ನೇ ಕೇಳಿದಾಗ ಮಾತ್ರ ನಾವು ತಡೆದು ಯೋಚಿಸಬೇಕಾಗುತ್ತದೆ.

ಮಿದುಳು, ಬೆನ್ನುಹುರಿ ಹಾಗೂ ದೃಷ್ಟಿನರದ ತಂತುಗಳಿಗೆ ಮೈಲಿನ್ ಎಂಬ ಸ್ನಿಗ್ಧ ಹೊದಿಕೆಯಿದೆ. ಸಂದೇಶಗಳು ವೇಗವಾಗಿ ಸಾಗುವುದು ಅದರಿಂದಲೇ. ಈ ವ್ಯಾಧಿಯಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾ ಕೋಶಗಳೇ ಆ ಹೊದಿಕೆಯನ್ನು ಹಾಳುಗೆಡವುತ್ತವೆ. ದೃಷ್ಟಿ ಮಸುಕಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತವೆ, ನಡಿಗೆ ತಪ್ಪುತ್ತದೆ.

ಹಾಗಾದರೆ ಆ ಕೋಶಗಳನ್ನೆಲ್ಲ ಅಡಗಿಸಿಬಿಟ್ಟರೆ ಸಾಕೇ? ಅದೂ ಅಲ್ಲ. 2017ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ನಿಯಂತ್ರಕ ಟಿ ಕೋಶಗಳು ಇಲ್ಲವಾದಾಗ ಮೈಲಿನ್ ದುರಸ್ತಿ ಕುಂಠಿತವಾಯಿತು. ಮರಳಿ ಕೊಟ್ಟಾಗ ಚೇತರಿಸಿತು. ಮೈಲಿನ್ ನೇಯುವ ಕೋಶಗಳು ಪಕ್ವವಾಗಲು ಇವು ಸ್ರವಿಸುವ ಸಿಸಿಎನ್3 ಎಂಬ ಪ್ರೋಟೀನು ನೆರವಾಗುತ್ತದೆಂದು ಅವರು ಕಂಡರು. ಇದೇ ನಿಯಂತ್ರಕ ಕೋಶಗಳ ಶೋಧಕ್ಕೆ 2025ರ ನೊಬೆಲ್ ಸಂದಿತು. ಮುರಿದ ಮೈಲಿನ್‌ನ ಕಸವನ್ನು ನುಂಗಿ ಹೊಸ ಹೊದಿಕೆಗೆ ಜಾಗ ಮಾಡಿಕೊಡುವ ಭಕ್ಷಕ ಕೋಶಗಳೂ ರಕ್ಷಣಾ ವ್ಯವಸ್ಥೆಗೇ ಸೇರಿದವು. ವಯಸ್ಸಾದಂತೆ ಅವು ನಿಧಾನವಾಗುತ್ತವೆ. ಕೆಡವುವವರೂ ಕಟ್ಟುವವರೂ ಒಂದೇ ಮನೆಯವರಾಗಿರುವಾಗ ‘ಶಕ್ತಿ ಹೆಚ್ಚಿಸುವುದು’ ಎಂದರೆ ಯಾರ ಶಕ್ತಿಯನ್ನು?

ಮೈಲಿನ್ ಎಂದರೆ ನಮ್ಮ ಮಜ್ಜಾಧಾತುವೇ ಎಂದು ಬರೆಯುವ ಸಹವೈದ್ಯರಿದ್ದಾರೆ. ನಮಗೆ ಇದು ಒಪ್ಪಿಗೆಯಿಲ್ಲ. ಶಾಸ್ತ್ರವು ಮಜ್ಜೆ ಎನ್ನುವುದು ಮುಖ್ಯವಾಗಿ ಅಸ್ಥಿಯೊಳಗಿನ ಸ್ನಿಗ್ಧ ಧಾತುವನ್ನು. ಹೆಸರು ಹೊಂದಿಸಿದ ಮಾತ್ರಕ್ಕೆ ಚಿಕಿತ್ಸೆ ಹೊಂದುವುದಿಲ್ಲ.

ಇದನ್ನು ನಾವು ಕಲಿತದ್ದು ತಡವಾಗಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಶಿಕ್ಷಕಿಯೊಬ್ಬರು ನರರೋಗ ತಜ್ಞರು ಬರೆದುಕೊಟ್ಟಿದ್ದ ಚುಚ್ಚುಮದ್ದನ್ನು ಬಿಟ್ಟು ನಮ್ಮಲ್ಲಿಗೆ ಬಂದರು. ವಾತವ್ಯಾಧಿಯೆಂದು ಅಭ್ಯಂಗ, ಬಸ್ತಿ ನಡೆಸಿದೆವು. ಎರಡು ತಿಂಗಳಲ್ಲಿ ಆರಾಮವೆಂದರು. ಈ ರೋಗವು ತಾನಾಗಿಯೇ ತಗ್ಗಿ ಮತ್ತೆ ಮರುಕಳಿಸುವ ಸ್ವಭಾವದ್ದೆಂಬುದನ್ನು ಗಣಿಸದೆ ನಾವು ಅದನ್ನು ನಮ್ಮ ಕೈಗುಣವೆಂದು ನಂಬಿದೆವು. ಚುಚ್ಚುಮದ್ದು ಮುಂದುವರಿಸಿರೆಂದು ಹೇಳಲಿಲ್ಲ. ಏಳನೆಯ ತಿಂಗಳಲ್ಲಿ ಅವರ ಎರಡೂ ಕಾಲುಗಳ ಬಲ ಕುಂದಿತು. ಅದು ಪೂರ್ತಿ ಮರಳಲಿಲ್ಲ. ಚುಚ್ಚುಮದ್ದು ತಪ್ಪದಿದ್ದರೆ ಹಾಗಾಗುತ್ತಲೇ ಇರಲಿಲ್ಲವೆಂದು ಹೇಳಲಾರೆವು. ಆದರೆ ಆ ಅವಕಾಶವನ್ನು ಅವರಿಗೆ ತಪ್ಪಿಸಿದವರು ನಾವು.

ಮೈಲಿನ್ ದುರಸ್ತಿಯ ಸಂಶೋಧನೆ ಬಹುಮಟ್ಟಿಗೆ ಇನ್ನೂ ಪ್ರಯೋಗಾಲಯದಲ್ಲಿದೆ. ಇಂದು ರೋಗಿಯ ಕೈಯಲ್ಲಿರುವುದು ಹೊಸ ಹಾನಿಯನ್ನು ತಡೆಯುವ ಔಷಧಗಳು. ಅವುಗಳಲ್ಲಿ ಕೆಲವನ್ನು ಹಠಾತ್ತನೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಪ್ರಬಲವಾಗಿ ಮರುಕಳಿಸಬಹುದು. ಆದ್ದರಿಂದ ಈ ರೋಗಿಗಳು ಬಂದಾಗ ನಾವು ನಾಡಿ ನೋಡುವ ಮೊದಲೇ ಅಲ್ಲಿಯ ಔಷಧ ನಡೆಯುತ್ತಿದೆಯೇ ಎಂದು ಕೇಳುತ್ತೇವೆ. ಸ್ನಾಯುಗಳ ಬಿಗಿತಕ್ಕೆ ಅಭ್ಯಂಗ, ಮಲಬದ್ಧತೆಗೆ ಪಥ್ಯ, ನಿದ್ರೆಯ ಕ್ರಮ, ಇವಿಷ್ಟನ್ನು ಹೇಳುತ್ತೇವೆ. ಅಮೃತಬಳ್ಳಿ, ಅಶ್ವಗಂಧಗಳನ್ನು ನರರೋಗ ತಜ್ಞರಿಗೆ ತಿಳಿಸದೆ ಕೊಡುವುದಿಲ್ಲ. ಮನೆಯಲ್ಲೂ ಕಷಾಯ ಮಾಡಿ ಕುಡಿಸಬೇಡಿರೆಂದು ಜೊತೆಗೆ ಬಂದವರಿಗೆ ಚೀಟಿಯಲ್ಲಿ ಬರೆದೇ ಕೊಡುತ್ತೇವೆ.