ನಮ್ಮ ಮಿಲಿಟ್ರಿ ಮಾವಂದಿರ ಬಾಳನ್ನು ಬರೆದಿಡೋಣ

ಗುತ್ತಿಗಾರು ಮತ್ತು ಸುತ್ತಲಿನ ಊರುಗಳ ಬಂಧುಗಳೇ,

ಊರಿನ ಹಿರಿಯ ಯೋಧರೊಬ್ಬರು ತೀರಿಕೊಂಡರೆ ಉತ್ತರಕ್ರಿಯೆಯ ದಿನ ನುಡಿನಮನ ನಡೆಯುತ್ತದೆ. ಸೇನೆಯಲ್ಲಿದ್ದರು, ಯುದ್ಧ ಕಂಡಿದ್ದರು, ನಿವೃತ್ತರಾಗಿ ಕೃಷಿ ಮಾಡಿಕೊಂಡಿದ್ದರು. ಎಂಬತ್ತು ವರ್ಷದ ಬಾಳು ಮೂರು ಮಾತಿನಲ್ಲಿ ಮುಗಿಯುತ್ತದೆ. ಯಾವ ರೆಜಿಮೆಂಟು, ಯಾವ ಗಡಿ ಎಂದು ಕೇಳಿದರೆ ಎಷ್ಟೋ ಸಲ ಮನೆಯವರಿಗೂ ಗೊತ್ತಿರುವುದಿಲ್ಲ. ಎಲ್ಲರ ಪ್ರೀತಿಯ ‘ಮಿಲಿಟ್ರಿ ಮಾವ’ನಿಗೆ ಇಷ್ಟು ಸಾಲದು.

1971ರ ಯುದ್ಧದಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಯೋಧರು ಈಗ ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. 1965ರ ಯುದ್ಧದವರು ಎಂಬತ್ತಕ್ಕೆ ಬಂದಿದ್ದಾರೆ ಅಥವಾ ದಾಟಿದ್ದಾರೆ. ಇನ್ನು ಕಾಯುವ ಹಾಗಿಲ್ಲ.

ಘಟ್ಟದ ಮೇಲಿನ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದೂ ಅವರು ಪಾಕಿಸ್ತಾನದ ಅತಿವೇಗದ ಸ್ಟಾರ್‌ಫೈಟರನ್ನು ಉರುಳಿಸಿದ್ದರು ಎಂಬುದು, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿಯಿಂದ ಬರೆದ ಪುಸ್ತಕ ಬಂದ ಮೇಲೆ ನಮ್ಮವರಿಗೆ ತಿಳಿಯಿತು. ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ನಂತರ. ನಡೆದದ್ದನ್ನು ಹೇಳಲು ದೇವಯ್ಯನವರು ಉಳಿದಿರಲಿಲ್ಲ. ನಮ್ಮ ಮಾವಂದಿರು ಇದ್ದಾರೆ, ಮನೆಯ ಜಗಲಿಯಲ್ಲೇ ಕೂತಿದ್ದಾರೆ.

ಅಟ್ಟದ ಮೇಲಿನ ಟ್ರಂಕನ್ನು ಅವರ ಎದುರೇ ಕೆಳಗಿಳಿಸಿ. ಪದಕದ ಅಂಚಿನಲ್ಲಿ ಅವರ ಸೇನಾ ಸಂಖ್ಯೆ, ಹೆಸರು ಕೊರೆದಿರುತ್ತದೆ. ಪೂರ್ವಿ ಸ್ಟಾರ್ ಇದ್ದರೆ 1971ರಲ್ಲಿ ಬಾಂಗ್ಲಾದ ಕಡೆ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ ಗಡಿಯಲ್ಲಿದ್ದರು. ಹಳೆಯ ಇನ್‌ಲ್ಯಾಂಡ್ ಪತ್ರದಲ್ಲಿ ಊರಿನ ಹೆಸರಿರದೆ 99 ಎ.ಪಿ.ಒ. ಎಂದಷ್ಟೇ ಇದ್ದರೆ ಅದು ಪೂರ್ವ ಭಾಗದ ಸೇನಾ ಅಂಚೆ. ಡಿಸ್ಚಾರ್ಜ್ ಬುಕ್, ಪತ್ರ, ಫೋಟೋ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದಿಡಿ. ನಮ್ಮ ಮಳೆಗಾಲ ಕಾಗದವನ್ನು ಉಳಿಸುವುದಿಲ್ಲ. ಬೂಸು ಬಿಟ್ಟದ್ದನ್ನು ಒರಲೆ ಮುಗಿಸುತ್ತದೆ.

ಮಾತನ್ನು ಅವರದೇ ನುಡಿಯಲ್ಲಿ ದಾಖಲಿಸಿ. ಅರೆಭಾಷೆಯೋ ತುಳುವೋ, ಅವರಿಗೆ ಸಲೀಸಾಗಿ ಬಂದದ್ದೇ ಸರಿ. ಎಷ್ಟು ಜನರನ್ನು ಕೊಂದಿರಿ ಎಂದು ಮಕ್ಕಳು ಕೇಳದಂತೆ ನೋಡಿಕೊಳ್ಳಿ. ಜೊತೆಗಾರನ ಸಾವಿನ ಮಾತು ಬಂದಾಗ ಅವರು ಸುಮ್ಮನಾದರೆ ಬಿಟ್ಟುಬಿಡಿ. ಅತ್ತೆಯನ್ನೂ ಕೂರಿಸಿಕೊಳ್ಳಿ, ಮಾವ ಗಡಿಯಲ್ಲಿದ್ದಾಗ ಅಡಿಕೆ ಕೊಯ್ಲು, ದನ, ಮಕ್ಕಳ ಜ್ವರ ಎಲ್ಲವನ್ನೂ ನೋಡಿಕೊಂಡವರು ಯಾರೆಂದು ಯಾವ ದಾಖಲೆಯಲ್ಲೂ ಇಲ್ಲ. ಸೈನ್ಯ ಬಿಟ್ಟ ನಂತರದ ವರ್ಷಗಳನ್ನೂ ಬಿಡಬೇಡಿ. ಪಿಂಚಣಿಯ ಹಣದಲ್ಲಿ ತೋಟ ಎಬ್ಬಿಸಿದ್ದು, ಊರಿನ ಶಾಲೆಗೆ, ಭಜನಾ ಮಂದಿರಕ್ಕೆ ದುಡಿದದ್ದು ಅದೇ ಬಾಳಿನ ದೊಡ್ಡ ಪಾಲು.

ಪಂಚಾಯತಿನವರಲ್ಲಿ ನನ್ನ ಬೇಡಿಕೆ ಚಿಕ್ಕದು: ಗ್ರಂಥಾಲಯದಲ್ಲಿ ಈ ದಾಖಲೆಗಳಿಗಾಗಿ ಒಂದು ಕಪಾಟು ಕೊಡಿ. ಪ್ರತಿ ಮನೆಯಿಂದ ಒಂದು ಪ್ರತಿ ಅಲ್ಲಿಗೆ ಬರಲಿ. ಶಿಕ್ಷಕರೇ, ಆಗಸ್ಟ್ 15ಕ್ಕೆ ಈ ಮಾವಂದಿರನ್ನು ಕರೆದು ಶಾಲು ಹೊದೆಸುತ್ತೀರಿ, ಸಂತೋಷ. ಅದಕ್ಕೆ ಒಂದು ವಾರ ಮೊದಲು ಪ್ರೌಢಶಾಲೆಯ ನಾಲ್ಕು ಮಕ್ಕಳನ್ನು ಪುಸ್ತಕ, ಪೆನ್ನು ಕೊಟ್ಟು ಅವರ ಮನೆಗೆ ಕಳುಹಿಸಿ. ಮೊದಲಿಗೇ ಯುದ್ಧದ ಮಾತು ಬೇಡ. ಭರ್ತಿಯಾಗಲು ಹೊರಟ ದಿನ ಮನೆಯಿಂದ ಯಾವ ದಾರಿ ಹಿಡಿದಿರಿ, ಜೊತೆಗೆ ಯಾರಿದ್ದರು ಎಂದು ಮಕ್ಕಳು ಕೇಳಲಿ. ಉಳಿದದ್ದನ್ನು ಮಾವ ತಾವಾಗಿ ಹೇಳುತ್ತಾರೆ.